ಬಫಿ ಮೇಲೋ ಏಂಜಲ್ ಮೇಲೋ: ಎರಡೂ ಕಡೆ ಬಾಳಿದವರ ಲೆಕ್ಕ

ರಕ್ತ ಕುಡಿಯುವ ವ್ಯಾಂಪೈರ್‌ಗಳನ್ನು ಬೇಟೆಯಾಡುವ ‘ಸ್ಲೇಯರ್’ ಹುಡುಗಿ ಬಫಿಯ ಕಥೆ ಹೇಳುವ ಅಮೆರಿಕದ ಟಿವಿ ಸೀರಿಯಲ್ ‘ಬಫಿ ದಿ ವ್ಯಾಂಪೈರ್ ಸ್ಲೇಯರ್’ನ ಅಭಿಮಾನಿಗಳ ನಡುವೆ ಎರಡು ಜಗಳ ಎಂದೂ ಮುಗಿಯುವುದಿಲ್ಲ. ಅವಳ ಬಾಳಿನಲ್ಲಿ ಬಂದ ಇಬ್ಬರು ವ್ಯಾಂಪೈರ್‌ಗಳಲ್ಲಿ ಬಫಿಗೆ ತಕ್ಕವನು ಏಂಜಲ್ಲೋ ಸ್ಪೈಕೋ ಅನ್ನುವುದು ಒಂದು. ಮೂಲ ಸೀರಿಯಲ್ ದೊಡ್ಡದೋ, ಅದರಿಂದ ಕವಲೊಡೆದ ‘ಏಂಜಲ್’ ದೊಡ್ಡದೋ ಅನ್ನುವುದು ಇನ್ನೊಂದು. ಮೊದಲನೆಯ ಜಗಳದಲ್ಲಿ ಎಲ್ಲರೂ ಹೇಳುವುದನ್ನು ಹೇಳಿ ಆಗಿದೆ. ಎರಡನೆಯದಕ್ಕೆ ಮಾತ್ರ ನನ್ನದೇ ಒಂದು ಅಳತೆ ಇದೆ. ಎರಡೂ ಸೀರಿಯಲ್‌ಗಳಲ್ಲಿ ಬಾಳಿದ ಪಾತ್ರಗಳು ಹಲವು ಇವೆ: ವೆಸ್ಲಿ, ಕೊರ್ಡೀಲಿಯಾ, ಫೇಯ್ತ್, ಡಾರ್ಲಾ, ಹಾರ್ಮನಿ, ಸ್ಪೈಕ್, ಜೊತೆಗೆ ಏಂಜಲ್ ಕೂಡ. ಅದೇ ನಟರು, ಅದೇ ಹಿನ್ನೆಲೆ. ಜಾಗ ಮಾತ್ರ ಬೇರೆ. ಯಾವ ಕಡೆ ಇವರು ಬೆಳೆದರು, ಯಾವ ಕಡೆ ಮೂಲೆಗೆ ಬಿದ್ದರು ಅಂತ ನೋಡಿದರೆ ಎರಡು ಸೀರಿಯಲ್‌ಗಳ ಗುಣ ಚೆನ್ನಾಗಿ ಗೊತ್ತಾಗುತ್ತದೆ.

ಎರಡನ್ನೂ ಪೂರ್ತಿ ನೋಡಿದ್ದೇನೆ, ಮತ್ತೆ ಮತ್ತೆ ನೋಡಿದ್ದೇನೆ, ಬೇರೆ ಬೇರೆ ಕ್ರಮದಲ್ಲೂ ನೋಡಿದ್ದೇನೆ. ಕೆಳಗೆ ಬರುವುದೆಲ್ಲ ಸ್ಪಾಯ್ಲರ್. ಯಾರು ಸಾಯುತ್ತಾರೆ, ಯಾರು ಸತ್ತು ಎದ್ದು ಬರುತ್ತಾರೆ, ಎಲ್ಲವೂ ಇದೆ. ಇನ್ನೂ ನೋಡದವರು ಕೊನೆಯಲ್ಲಿ ಯಾವ ಕ್ರಮದಲ್ಲಿ ನೋಡಬೇಕು ಅನ್ನುವ ಭಾಗಕ್ಕೆ ಹಾರಿಬಿಡಿ. ಅಲ್ಲೂ ಒಂದೆರಡು ಗುಟ್ಟು ಸೋರಿದೆ, ಆದರೆ ಕಮ್ಮಿ.

ಮೊದಲು ಎರಡರ ಗುರುತು ಹೇಳಿಬಿಡುತ್ತೇನೆ. ‘ಬಫಿ’ 1997ರ ಮಾರ್ಚ್‌ನಲ್ಲಿ ಶುರುವಾಗಿ 2003ರ ಮೇ ತಿಂಗಳಲ್ಲಿ ಮುಗಿಯಿತು. 7 ಸೀಸನ್, 144 ಎಪಿಸೋಡ್. ‘ಏಂಜಲ್’ 1999ರ ಅಕ್ಟೋಬರ್‌ನಿಂದ 2004ರ ಮೇವರೆಗೆ ನಡೆಯಿತು. 5 ಸೀಸನ್, 110 ಎಪಿಸೋಡ್. ಎರಡರ ಹಿಂದೆಯೂ ಇದ್ದವನು ಜಾಸ್ ವೀಡನ್. ‘ಏಂಜಲ್’ ಕಟ್ಟುವಾಗ ಡೇವಿಡ್ ಗ್ರೀನ್‌ವಾಲ್ಟ್ ಜೊತೆಗಿದ್ದ. ಬಫಿ ಇರುವುದು ಕ್ಯಾಲಿಫೋರ್ನಿಯಾದ ಸನ್ನಿಡೇಲ್ ಎಂಬ ಕಾಲ್ಪನಿಕ ಊರಲ್ಲಿ. ಅಲ್ಲಿನ ಹೈಸ್ಕೂಲಿನ ಅಡಿಯಲ್ಲೇ ನರಕದ ಬಾಯಿ, ಅಂದರೆ ಹೆಲ್‌ಮೌತ್. ಏಂಜಲ್ ಇರುವುದು ನಿಜವಾದ ಲಾಸ್ ಏಂಜಲೀಸ್‌ನಲ್ಲಿ. ಅಲ್ಲಿ ನರಕಕ್ಕೆ ಬಾಯಿ ಬೇಕಾಗಿಲ್ಲ, ಒಂದು ಲಾಯರ್ ಕಂಪನಿ ಸಾಕು.

ಈ ವ್ಯತ್ಯಾಸದಿಂದಲೇ ಉಳಿದದ್ದೆಲ್ಲ ಹುಟ್ಟುತ್ತದೆ. ಸನ್ನಿಡೇಲ್‌ನಲ್ಲಿ ಹದಿಹರೆಯದ ಕಷ್ಟವೇ ದೆವ್ವವಾಗಿ ಎದುರು ನಿಲ್ಲುತ್ತದೆ. ಮೊದಲ ರಾತ್ರಿ ಕಳೆದ ಮೇಲೆ ಹುಡುಗ ಬೇರೆಯೇ ಮನುಷ್ಯನಾಗಿಬಿಡುವುದು ಎರಡನೆಯ ಸೀಸನ್‌ನಲ್ಲಿ ಅಕ್ಷರಶಃ ನಡೆಯುತ್ತದೆ. ವ್ಯಾಂಪೈರ್‌ಗಳಿಗೆ ಆತ್ಮ ಇರುವುದಿಲ್ಲ; ಶಾಪದಿಂದ ಆತ್ಮ ಪಡೆದು ಒಳ್ಳೆಯವನಾಗಿದ್ದ ಏಂಜಲ್ ಅದನ್ನು ಕಳೆದುಕೊಂಡು ಮತ್ತೆ ಕ್ರೂರಿ ಏಂಜಲಸ್ ಆಗುತ್ತಾನೆ. ಲಾಸ್ ಏಂಜಲೀಸ್‌ನಲ್ಲಿರುವವರಿಗೆ ವಯಸ್ಸಾಗಿದೆ. ಅವರೆಲ್ಲ ಏನೋ ಒಂದು ಕೆಟ್ಟದ್ದು ಮಾಡಿ ಮುಗಿಸಿಯೇ ಅಲ್ಲಿಗೆ ಬಂದವರು. ಮಾಡಿದ್ದನ್ನು ಹೊತ್ತುಕೊಂಡು ಹೇಗೆ ಬದುಕುವುದು ಅನ್ನುವುದೇ ಅವರ ಪ್ರಶ್ನೆ.

ಹಾಗಾಗಿ ವೆಸ್ಲಿಯಿಂದ ಶುರು ಮಾಡೋಣ. ನನ್ನ ವಾದದಲ್ಲಿ ಅರ್ಧ ಭಾರ ಹೊರುವವನು ಅವನೇ.

‘ಬಫಿ’ ಮೂರನೆಯ ಸೀಸನ್‌ನ ನಡುವೆ ವೆಸ್ಲಿ ವಿಂಡಮ್-ಪ್ರೈಸ್ ಬರುತ್ತಾನೆ. ಜೈಲ್ಸ್‌ನನ್ನು ಸ್ಲೇಯರ್‌ಗಳ ಮೇಲ್ವಿಚಾರಣೆ ನಡೆಸುವ ವಾಚರ್ಸ್ ಕೌನ್ಸಿಲ್ ಬಫಿಯ ವಾಚರ್, ಅಂದರೆ ಗುರುವಿನ ಕೆಲಸದಿಂದ ತೆಗೆದಿದೆ, ಆ ಜಾಗಕ್ಕೆ ಈ ಹೊಸಬ. ಇಸ್ತ್ರಿ ಕೆಡದ ಸೂಟು, ಕನ್ನಡಕ, ಪುಸ್ತಕದ ಜ್ಞಾನ, ಎದುರಿಗೆ ರಾಕ್ಷಸ ಬಂದರೆ ಬಾಯಿಬಿಡುವಷ್ಟು ಪುಕ್ಕಲುತನ. ಅವನನ್ನು ನೋಡಿ ನಗಬೇಕು, ಅಷ್ಟೇ ಅವನ ಕೆಲಸ. ಕೊರ್ಡೀಲಿಯಾ ಜೊತೆ ಒಂದು ಮುತ್ತು ಇದೆ. ಅದಕ್ಕಿಂತ ಸಪ್ಪೆ ಮುತ್ತು ಇಡೀ ಸೀರಿಯಲ್ಲಿನಲ್ಲಿ ಇನ್ನೊಂದಿಲ್ಲ. ಸೀಸನ್ನಿನ ಕೊನೆಯ ದೊಡ್ಡ ಕಾಳಗದಲ್ಲಿ ಅವನು ಒಂದು ಏಟಿಗೆ ನೆಲಕ್ಕೆ ಬೀಳುತ್ತಾನೆ. ಅಲ್ಲಿಗೆ ಸನ್ನಿಡೇಲ್‌ಗೆ ಅವನ ಅಗತ್ಯ ಮುಗಿಯಿತು.

ಆದರೆ ನಡುವೆ ಅವನು ಮಾಡಿದ ಒಂದು ಅನಾಹುತ ನೆನಪಿಟ್ಟುಕೊಳ್ಳಿ. ಕೈಯಾರೆ ಒಬ್ಬ ಮನುಷ್ಯನನ್ನು ಕೊಂದ ಇನ್ನೊಬ್ಬ ಸ್ಲೇಯರ್ ಫೇಯ್ತ್‌ಗೆ ಏಂಜಲ್ ನಿಧಾನವಾಗಿ ಮಾತಾಡಿಸುತ್ತಾ ಸಮಾಧಾನ ಹೇಳುತ್ತಿರುತ್ತಾನೆ. ಅವಳು ಇನ್ನೇನು ಕರಗಬೇಕು. ಅಷ್ಟರಲ್ಲಿ ವೆಸ್ಲಿ ಜನರನ್ನು ಕರೆದುಕೊಂಡು ನುಗ್ಗಿ ಅವಳನ್ನು ಹಿಡಿಯುತ್ತಾನೆ. ಫೇಯ್ತ್ ತಪ್ಪಿಸಿಕೊಂಡು ಶತ್ರುವಿನ ಕಡೆ ಸೇರುತ್ತಾಳೆ.

‘ಏಂಜಲ್’ ಮೊದಲ ಸೀಸನ್‌ನ ಹತ್ತನೆಯ ಎಪಿಸೋಡ್‌ನಲ್ಲಿ ಇವನು ಮತ್ತೆ ಕಾಣಿಸಿಕೊಳ್ಳುತ್ತಾನೆ. ಮೈಮೇಲೆ ಚರ್ಮದ ಬಟ್ಟೆ, ಕೆಳಗೆ ಮೋಟರ್‌ಬೈಕು, ಕೆಲಸ ಹೋಗಿದೆ, ಬಾಯಲ್ಲಿ ಮಾತ್ರ ಜಂಭ. ಇನ್ನೂ ನಗೆಪಾಟಲೇ. ಸ್ವಲ್ಪ ದಿನದಲ್ಲೇ ಫೇಯ್ತ್ ಬರುತ್ತಾಳೆ, ಅವನನ್ನು ಕುರ್ಚಿಗೆ ಕಟ್ಟಿ ಹಿಂಸೆ ಕೊಡುತ್ತಾಳೆ. ಆಮೇಲೆ ಕೌನ್ಸಿಲ್‌ನವರು ಬಂದು, ಅವಳನ್ನು ನಮಗೆ ಒಪ್ಪಿಸು, ನಿನ್ನ ಹಳೆಯ ಕೆಲಸ ವಾಪಸ್ ಅನ್ನುತ್ತಾರೆ. ಮೈಮೇಲಿನ ಗಾಯ ಇನ್ನೂ ಹಸಿ. ಆದರೂ ಅವನು ಏಂಜಲ್ ಕಡೆ ನಿಲ್ಲುತ್ತಾನೆ. ಸನ್ನಿಡೇಲ್‌ನಲ್ಲಿ ಕೆಡಿಸಿದ್ದನ್ನೇ ಇಲ್ಲಿ ಸರಿ ಮಾಡುವ ಅವಕಾಶ ಬಂತು, ಈ ಸಲ ಬಿಡಲಿಲ್ಲ. ಈ ಸಂಗತಿಯನ್ನು ಯಾವ ಪಾತ್ರವೂ ಬಾಯಿಬಿಟ್ಟು ವಿವರಿಸುವುದಿಲ್ಲ. ಎರಡೂ ಸೀರಿಯಲ್ ನೋಡಿದವರಿಗೆ ಮಾತ್ರ ಹೊಳೆಯುತ್ತದೆ.

ಅಲ್ಲಿಂದ ಮುಂದೆ ಅವನ ಕಥೆ ಕತ್ತಲಾಗುತ್ತಾ ಹೋಗುತ್ತದೆ. ಮೂರನೆಯ ಸೀಸನ್‌ನಲ್ಲಿ, ತಂದೆ ಮಗನನ್ನು ಕೊಲ್ಲುತ್ತಾನೆ ಎನ್ನುವ ಸುಳ್ಳು ಭವಿಷ್ಯವಾಣಿ ನಂಬಿ ಏಂಜಲ್‌ನ ಎಳೆಗೂಸು ಕಾನರ್‌ನನ್ನು ಎತ್ತಿಕೊಂಡು ಹೋಗುತ್ತಾನೆ. ಯಾರಿಗೂ ಹೇಳುವುದಿಲ್ಲ. ದಾರಿಯಲ್ಲಿ ಕತ್ತು ಸೀಳಿಸಿಕೊಳ್ಳುತ್ತಾನೆ, ಮಗುವೂ ಕೈತಪ್ಪುತ್ತದೆ. ಆಸ್ಪತ್ರೆಗೆ ಬರುವ ಏಂಜಲ್ ತಣ್ಣಗೆ ಮಾತಾಡುತ್ತಾನೆ. ಕ್ಷಮಿಸಿಬಿಟ್ಟ ಅಂತ ನಾವು ಅಂದುಕೊಳ್ಳುವಷ್ಟರಲ್ಲಿ ದಿಂಬು ಹಿಡಿದು ಉಸಿರು ಕಟ್ಟಿಸುತ್ತಾನೆ. ನಾಯಕನೇ, ತನ್ನ ಆತ್ಮ ನೆಟ್ಟಗಿರುವಾಗಲೇ, ಗೆಳೆಯನನ್ನು ಕೊಲ್ಲಲು ಹೋಗುತ್ತಾನೆ. ಟಿವಿಯಲ್ಲಿ ಇಷ್ಟು ಧೈರ್ಯದ ದೃಶ್ಯ ನಾನು ಕಂಡದ್ದು ಕಡಿಮೆ.

ನಾಲ್ಕನೆಯ ಸೀಸನ್ ಶುರುವಾಗುವಾಗ ಏಂಜಲ್ ಸಮುದ್ರದ ತಳದಲ್ಲಿ ಪೆಟ್ಟಿಗೆಯೊಳಗೆ ಬಿದ್ದಿದ್ದಾನೆ. ಹುಡುಕಿ ಮೇಲೆತ್ತುವವನು ಯಾರು? ಯಾರನ್ನು ದಿಂಬಿನಿಂದ ಒತ್ತಿದ್ದನೋ ಅವನೇ. ತನ್ನ ತೋಳು ಕೊಯ್ದು ರಕ್ತ ಕುಡಿಸಿ ಬದುಕಿಸುತ್ತಾನೆ. ಮುಖದ ಮೇಲೆ ಗಡ್ಡ, ಕನ್ನಡಕ ಇಲ್ಲ, ದನಿ ಒಡೆದಿದೆ. ಐದನೆಯ ಸೀಸನ್‌ನಲ್ಲಿ ಅವನು ಪ್ರೀತಿಸಿದ, ಏಂಜಲ್ ತಂಡದ ಹುಡುಗಿ ಫ್ರೆಡ್ ಅವನ ತೋಳಿನಲ್ಲೇ ಸಾಯುತ್ತಾಳೆ. ಅವಳ ದೇಹದಲ್ಲಿ ಇಲಿರಿಯಾ ಎಂಬ ಪುರಾತನ ಶಕ್ತಿ ಎದ್ದು ಕೂರುತ್ತದೆ. ಕೊನೆಗೆ ವೆಸ್ಲಿ ಸಾಯುವ ಹೊತ್ತಿನಲ್ಲಿ ಆ ಇಲಿರಿಯಾ ಒಂದು ಸುಳ್ಳು ಹೇಳಲೇ ಅಂತ ಕೇಳುತ್ತಾಳೆ. ಅವನು ಒಪ್ಪುತ್ತಾನೆ. ಆ ದೃಶ್ಯದಲ್ಲಿ ಆ್ಯಮಿ ಆ್ಯಕರ್ ಮತ್ತು ಅಲೆಕ್ಸಿಸ್ ಡೆನಿಸಾಫ್ ಏನು ಮಾಡಿದ್ದಾರೋ ಅದಕ್ಕೆ ನಾನು ಏನು ಸೇರಿಸಿದರೂ ಕೆಡುತ್ತದೆ.

(ಡೆನಿಸಾಫ್ ಮದುವೆಯಾದದ್ದು ‘ಬಫಿ’ಯಲ್ಲಿ ಬಫಿಯ ಗೆಳತಿ ವಿಲೋ ಆಗಿದ್ದ ಅಲಿಸನ್ ಹ್ಯಾನಿಗನ್‌ರನ್ನು. ನಾಲ್ಕನೆಯ ಸೀಸನ್‌ನಲ್ಲಿ ವಿಲೋ ಲಾಸ್ ಏಂಜಲೀಸ್‌ಗೆ ಬಂದು ವೆಸ್ಲಿ ಎದುರು ನಿಂತು ಮಾತಾಡುವಾಗ ಇದು ಗೊತ್ತಿದ್ದರೆ ಮಜಾ ಜಾಸ್ತಿ.)

ಸನ್ನಿಡೇಲ್‌ನಲ್ಲಿ ಈ ವೆಸ್ಲಿ ಸಾಧ್ಯವಿತ್ತಾ? ಇಲ್ಲ ಅನ್ನುವುದೇ ನನ್ನ ಉತ್ತರ. ಅಲ್ಲಿ ಜೈಲ್ಸ್ ಇದ್ದ. ಓದಿದವನು, ಕನ್ನಡಕದವನು, ಗತಕಾಲದ ಕತ್ತಲೆ ಇರುವವನು ಎಂಬ ಜಾಗ ತುಂಬಿಹೋಗಿತ್ತು. ‘ಬಫಿ’ಯಲ್ಲಿ ಎಲ್ಲರೂ ಬಫಿಯ ಸುತ್ತ ಸುತ್ತುತ್ತಾರೆ. ಬಫಿಯ ವಾಚರ್, ಬಫಿಯ ಗೆಳತಿ, ಬಫಿಯ ತಂಗಿ. ಅವಳ ಬೆಳಕು ಅಷ್ಟು ಜೋರು. ಏಂಜಲ್ ಮಾತು ಕಡಿಮೆ ಆಡುವ, ಮೂಲೆಯಲ್ಲಿ ನಿಲ್ಲುವ ನಾಯಕ. ಹಾಗಾಗಿ ಅವನ ಪಕ್ಕದವರಿಗೆ ಜಾಗ ಸಿಕ್ಕಿತು. ತವರಲ್ಲಿ ಬಾಯಿಬಿಡದ ಹುಡುಗಿ ಗಂಡನ ಮನೆಗೆ ಹೋಗಿ ಯಜಮಾನಿಕೆ ನಡೆಸಿದ ಹಾಗೆ ಆಯಿತು ಇವರ ಕಥೆ.

ಕೊರ್ಡೀಲಿಯಾ ವಿಷಯದಲ್ಲಿ ಲೆಕ್ಕ ಇಷ್ಟು ನೇರವಾಗಿಲ್ಲ.

ಹೈಸ್ಕೂಲಿನಲ್ಲಿ ಅವಳು ರಾಣಿ. ದುಡ್ಡು, ಬಟ್ಟೆ, ಚುಚ್ಚುಮಾತು. ಕರಿಸ್ಮಾ ಕಾರ್ಪೆಂಟರ್ ಬಾಯಲ್ಲಿ ಆ ಮಾತುಗಳು ಎಷ್ಟು ಚೆನ್ನಾಗಿ ಕೂರುತ್ತವೆ ಅಂದರೆ, ಉಳಿದವರು ಹೇಳಲು ಅಂಜುವ ಸತ್ಯವೆಲ್ಲ ಇವಳ ಪಾಲಿಗೆ ಬರುತ್ತದೆ. ‘ಬಫಿ’ ಅವಳಿಗೆ ಅನ್ಯಾಯ ಮಾಡಿತು ಅನ್ನಲು ಮನಸ್ಸಾಗುವುದಿಲ್ಲ. ಅಪ್ಪ ತೆರಿಗೆ ವಂಚನೆಯಲ್ಲಿ ಸಿಕ್ಕಿಬಿದ್ದು ದುಡ್ಡೆಲ್ಲ ಹೋದ ಮೇಲೆ, ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಕೊರ್ಡೀಲಿಯಾ ಇದ್ದಾಳೆ. ಅವಳಿಗೆ ಗೊತ್ತಿಲ್ಲದೆ ಅವಳ ಉಡುಪಿಗೆ ಬಫಿಯ ಗೆಳೆಯರಲ್ಲೊಬ್ಬನಾದ ಜಾಂಡರ್ ದುಡ್ಡು ಕಟ್ಟುವ ಸಣ್ಣ ಘಟನೆ ಇದೆ. ಜಾಂಡರ್‌ನ ಬಗ್ಗೆ ನನ್ನ ದೂರುಗಳು ಬಹಳ, ಆದರೆ ಆ ಒಂದು ಕಾರಣಕ್ಕೆ ಅವನಿಗೆ ಅರ್ಧ ಮಾಫಿ.

ಲಾಸ್ ಏಂಜಲೀಸ್‌ನಲ್ಲಿ ಅವಳು ಅವಕಾಶ ಸಿಗದ ನಟಿ. ಮೊದಲ ಎಪಿಸೋಡ್‌ನಲ್ಲೇ ಪಾರ್ಟಿಯಿಂದ ತಿಂಡಿ ಕದ್ದು ತರುತ್ತಾಳೆ. ಬಾಡಿಗೆ ಮನೆಯಲ್ಲಿ ಡೆನಿಸ್ ಅಂತ ಒಂದು ದೆವ್ವ ಇದೆ, ಇವಳು ಅದರ ಜೊತೆ ಹೊಂದಿಕೊಂಡು ಸಂಸಾರ ನಡೆಸುತ್ತಾಳೆ. ಏಂಜಲ್‌ನ ಜೊತೆಗಾರ ಡಾಯ್ಲ್ ಸಾಯುವ ಮುಂಚೆ ಕೊಟ್ಟ ಮುತ್ತಿನಿಂದ ಅವನಿಗೆ ಬರುತ್ತಿದ್ದ ದರ್ಶನಗಳು ಇವಳಿಗೆ ಬರತೊಡಗುತ್ತವೆ. ಪ್ರತಿ ದರ್ಶನಕ್ಕೂ ತಲೆ ಸಿಡಿಯುವ ನೋವು. ಊರಲ್ಲಿ ಯಾರೋ ಅಪಾಯದಲ್ಲಿದ್ದರೆ ಆ ನೋವು ಇವಳ ಮೈಯಲ್ಲಿ. ತನ್ನನ್ನು ಬಿಟ್ಟು ಬೇರೆಯವರ ಬಗ್ಗೆ ಯೋಚಿಸದ ಹುಡುಗಿಗೆ ಇದಕ್ಕಿಂತ ಒಳ್ಳೆಯ ಪಾಠ ಇದೆಯಾ? ಮೂರು ಸೀಸನ್ ಈ ಬೆಳವಣಿಗೆ ನಡೆಯುತ್ತದೆ. ಚುಚ್ಚುಮಾತು ಬಿಡದೆಯೇ ದೊಡ್ಡವಳಾಗುತ್ತಾಳೆ, ಅದೇ ಚಂದ.

ಆಮೇಲೆ ನಾಲ್ಕನೆಯ ಸೀಸನ್. ಅವಳ ದೇಹದೊಳಗೆ ಬೇರೆ ಶಕ್ತಿ ಹೊಕ್ಕು ಕೆಟ್ಟ ಕೆಲಸ ಮಾಡಿಸುತ್ತದೆ. ತಾನು ಎತ್ತಿ ಆಡಿಸಿದ್ದ ಕಾನರ್, ಬೇರೆ ಲೋಕದಲ್ಲಿ ಬೆಳೆದು ಈಗ ಹದಿಹರೆಯದ ಹುಡುಗನಾಗಿ ವಾಪಸ್ ಬಂದವನು, ಅವನ ಜೊತೆ ಅವಳನ್ನು ಮಲಗಿಸುತ್ತಾರೆ. ಕೊನೆಗೆ ಕೋಮಾದಲ್ಲಿ ಮಲಗಿಸಿ ಕಥೆಯಿಂದ ತೆಗೆದುಬಿಡುತ್ತಾರೆ. ನಟಿ ಆಗ ನಿಜಕ್ಕೂ ಗರ್ಭಿಣಿ. ಆ ಸಮಯದಲ್ಲಿ ವೀಡನ್ ತನ್ನನ್ನು ಕೆಟ್ಟದಾಗಿ ನಡೆಸಿಕೊಂಡರೆಂದು 2021ರಲ್ಲಿ ಅವರು ಬಹಿರಂಗವಾಗಿ ಆರೋಪಿಸಿದರು. ಆ ಹೇಳಿಕೆ ಓದಿದ ಮೇಲೆ ಆ ಸೀಸನ್ ನೋಡುವುದು ಇನ್ನೂ ಕಷ್ಟ. ಐದನೆಯ ಸೀಸನ್‌ನಲ್ಲಿ, ಸೀರಿಯಲ್ಲಿನ ನೂರನೆಯ ಎಪಿಸೋಡ್‌ಗೆ ಕೊರ್ಡೀಲಿಯಾ ಒಂದು ದಿನಕ್ಕೆ ಎದ್ದು ಬರುತ್ತಾಳೆ. ಒಳ್ಳೆಯ ಎಪಿಸೋಡ್, ಒಳ್ಳೆಯ ಬೀಳ್ಕೊಡುಗೆ. ಆದರೂ ಬಾಕಿ ತೀರಲಿಲ್ಲ ಅನ್ನುವವರ ಪಕ್ಷ ನನ್ನದು. ಅಂದರೆ ಕೊರ್ಡೀಲಿಯಾಗೆ ಅತ್ಯುತ್ತಮ ಮೂರು ವರ್ಷ ಕೊಟ್ಟದ್ದೂ ‘ಏಂಜಲ್’, ಅತಿ ಕೆಟ್ಟ ಒಂದು ವರ್ಷ ಕೊಟ್ಟದ್ದೂ ‘ಏಂಜಲ್’. ಸನ್ನಿಡೇಲ್‌ನಲ್ಲಿ ಅವಳು ಇಷ್ಟು ಎತ್ತರಕ್ಕೆ ಏರಲಿಲ್ಲ, ಇಷ್ಟು ಕೆಳಕ್ಕೆ ಬೀಳಲೂ ಇಲ್ಲ.

ಫೇಯ್ತ್‌ಗೆ ಎರಡೂ ಬೇಕು. ಒಂದರಲ್ಲಿ ಪಾಪ, ಇನ್ನೊಂದರಲ್ಲಿ ಪ್ರಾಯಶ್ಚಿತ್ತ. ‘ಬಫಿ’ ಮೂರನೆಯ ಸೀಸನ್‌ನ ಫೇಯ್ತ್ ಇಲ್ಲದೆ ಮುಂದಿನದಕ್ಕೆ ಅರ್ಥವಿಲ್ಲ. ಲಾಡ್ಜಿನ ರೂಮಿನಲ್ಲಿ ಒಂಟಿಯಾಗಿದ್ದ ಈ ಸ್ಲೇಯರ್ ಹುಡುಗಿಗೆ ಮನೆ ಕೊಟ್ಟು, ಅಪ್ಪನ ಹಾಗೆ ವಿಚಾರಿಸಿಕೊಂಡವನು ಊರಿನ ಮೇಯರ್, ಅಂದರೆ ವಿಲನ್. ಬಫಿಯ ಗುಂಪಿನಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ. ಈ ಕುಟುಕು ನನಗೆ ಬಹಳ ಇಷ್ಟ. ಆದರೆ ಲಾಸ್ ಏಂಜಲೀಸ್‌ನಲ್ಲಿ, ಮಳೆಯಲ್ಲಿ ಏಂಜಲ್ ಜೊತೆ ಹೊಡೆದಾಡುತ್ತಾ ತನ್ನನ್ನು ಕೊಂದುಬಿಡು ಅಂತ ಅವಳು ಕೂಗಿಕೊಳ್ಳುವಾಗ ಇಲೈಜಾ ದುಷ್ಕು ಅಭಿನಯ ಬೇರೆಯೇ ಮಟ್ಟದ್ದು. ಏಂಜಲ್ ಕೊಲ್ಲುವುದಿಲ್ಲ, ತಬ್ಬಿಕೊಳ್ಳುತ್ತಾನೆ. ಮರುದಿನ ಬಫಿ ಬಂದು ಜಗಳಕ್ಕೆ ನಿಂತಾಗ ನಮಗೆ ನಾಯಕಿಯ ಮೇಲೆಯೇ ಸಿಟ್ಟು ಬರುತ್ತದೆ, ಬಫಿಯ ಮಾತಿನಲ್ಲಿ ನ್ಯಾಯವಿದ್ದರೂ. ಒಂದು ಸೀರಿಯಲ್ಲಿನ ನಾಯಕಿ ಇನ್ನೊಂದರಲ್ಲಿ ಅಡ್ಡಿಯಾಗಿ ಕಾಣುವುದು ಅಂದರೆ ಸುಮ್ನೆ ಅಲ್ಲ. ಫೇಯ್ತ್ ತಾನಾಗಿಯೇ ಪೊಲೀಸರಿಗೆ ಶರಣಾಗುತ್ತಾಳೆ.

ಏಂಜಲ್‌ನನ್ನು ವ್ಯಾಂಪೈರ್ ಮಾಡಿದ ಡಾರ್ಲಾ ಬಗ್ಗೆ ಎರಡು ಮಾತು. ‘ಬಫಿ’ಯ ಮೊಟ್ಟಮೊದಲ ದೃಶ್ಯದಲ್ಲಿ ಕತ್ತಲ ಸ್ಕೂಲಿಗೆ ಹುಡುಗನ ಜೊತೆ ನುಗ್ಗುವ, ಹೆದರಿದ ಹಾಗೆ ನಟಿಸುವ ಹುಡುಗಿ ಅವಳೇ. ಏಳನೆಯ ಎಪಿಸೋಡ್‌ಗೆ ಬೂದಿ. ‘ಏಂಜಲ್’ ಅವಳನ್ನು ಮನುಷ್ಯಳಾಗಿ ಮತ್ತೆ ಎಬ್ಬಿಸಿ, ಸಾಯುವ ಕಾಯಿಲೆ ಕೊಟ್ಟು, ಮತ್ತೆ ವ್ಯಾಂಪೈರ್ ಮಾಡಿ, ಬಸುರಿಯಾಗಿಸಿ, ಕೊನೆಗೆ ಹೊಟ್ಟೆಯ ಮಗು ಕಾನರ್ ಬದುಕಲಿ ಅಂತ ತನ್ನ ಎದೆಗೆ ತಾನೇ ಮರದ ಗೂಟ ಚುಚ್ಚಿಕೊಳ್ಳುವ ತಾಯಿಯನ್ನಾಗಿ ಮಾಡಿತು. ಹೇಳುವಾಗ ಹುಚ್ಚಾಟ ಅನ್ನಿಸುತ್ತದೆ. ನೋಡುವಾಗ ಗಂಟಲು ಕಟ್ಟುತ್ತದೆ. ಹಾರ್ಮನಿ ಬಗ್ಗೆ ಒಂದೇ ಮಾತು: ಎರಡೂ ಕಡೆ ಅವಳು ದಡ್ಡಿ, ಎರಡೂ ಕಡೆ ಚೆನ್ನ, ಆದರೆ ಏಂಜಲ್‌ನ ಸೆಕ್ರೆಟರಿಯಾದ ಮೇಲೆ ಇನ್ನೂ ಚೆನ್ನ.

ಏಂಜಲ್‌ಗೆ ಬಂದರೆ, ‘ಬಫಿ’ಯ ಏಂಜಲ್ ನನಗೆ ಬೋರು. ಹೇಳಿದ್ದಕ್ಕೆ ಬೈಯಬೇಡಿ. ನೆರಳಿನಲ್ಲಿ ನಿಂತು, ಒಂದು ಒಗಟು ಹೇಳಿ, ಮಾಯವಾಗುವ ಸುಂದರಾಂಗ. ಅವನು ಜೀವಂತವಾಗುವುದು ಆತ್ಮ ಹೋದಾಗ. ಏಂಜಲಸ್ ಆಗಿ ಜೈಲ್ಸ್ ಪ್ರೀತಿಸಿದ ಜೆನ್ನಿ ಕ್ಯಾಲೆಂಡರ್‌ಳನ್ನು ಕೊಂದು, ಜೈಲ್ಸ್‌ನ ಮನೆಯಲ್ಲಿ ಗುಲಾಬಿ, ಸಂಗೀತ, ಮೇಣದಬತ್ತಿ ಜೋಡಿಸಿ, ಹಾಸಿಗೆಯ ಮೇಲೆ ಹೆಣ ಇಟ್ಟು ಹೋಗುವ ಆ ಎಪಿಸೋಡ್‌ನಲ್ಲಿ ಡೇವಿಡ್ ಬೊರಿಯಾನಜ್ ಏನು ಮಾಡಬಲ್ಲ ಅಂತ ಗೊತ್ತಾಗುತ್ತದೆ. ತನ್ನ ಹೆಸರಿನ ಸೀರಿಯಲ್‌ನಲ್ಲಿ ಅವನಿಗೆ ಇನ್ನೊಂದು ಸಿಕ್ಕಿತು: ತಮಾಷೆ. ರಾಕ್ಷಸ ಗೆಳೆಯ ಲೋರ್ನ್‌ನ ಕ್ಯಾರಿಯೋಕಿ ಬಾರಿನಲ್ಲಿ ನಿಂತು ಅಪಸ್ವರದಲ್ಲಿ ಹಾಡುವ ಏಂಜಲ್, ಕೈಗೊಂಬೆಯಾಗಿ ಬದಲಾಗಿ ಸಿಟ್ಟಿನಿಂದ ಕುಣಿಯುವ ಏಂಜಲ್. ಇನ್ನೂರು ಚಿಲ್ಲರೆ ವರ್ಷದ ಗಂಭೀರ ವ್ಯಾಂಪೈರ್‌ನ ಮಾನ ತೆಗೆದರೆ ಅವನು ಹತ್ತಿರದವನಾಗುತ್ತಾನೆ ಅನ್ನುವುದು ಬರೆದವರಿಗೆ ಗೊತ್ತಾಯಿತು. ಜೊತೆಗೆ ಕತ್ತಲೆಯೂ ಬೆಳೆಯಿತು. ಎರಡನೆಯ ಸೀಸನ್‌ನಲ್ಲಿ ವೈನ್ ಕೋಣೆಯಲ್ಲಿ ಡಾರ್ಲಾ ಮತ್ತು ಇನ್ನೊಬ್ಬ ವ್ಯಾಂಪೈರ್ ಡ್ರುಸಿಲಾ ಜೊತೆ ಸಿಕ್ಕಿಬಿದ್ದ ಲಾಯರ್‌ಗಳನ್ನು ಉಳಿಸದೆ, ಹೊರಗಿನಿಂದ ಬಾಗಿಲು ಹಾಕಿ ಹೋಗುತ್ತಾನಲ್ಲ, ಅದು ಏಂಜಲಸ್ ಮಾಡಿದ್ದಲ್ಲ. ಆತ್ಮ ಇರುವವನೇ ಮಾಡಿದ್ದು.

ಇಷ್ಟು ಹೊತ್ತು ತಕ್ಕಡಿ ಒಂದೇ ಕಡೆ ವಾಲಿದೆ. ಈಗ ಸ್ಪೈಕ್ ಬರಲಿ.

ಸ್ಪೈಕ್ ‘ಬಫಿ’ಯ ಆಸ್ತಿ. ಎರಡನೆಯ ಸೀಸನ್‌ನಲ್ಲಿ ಬಂದು ಬೇಗ ಸಾಯಬೇಕಿದ್ದ ಪಾತ್ರ ಇದು. ಜೇಮ್ಸ್ ಮಾರ್ಸ್ಟರ್ಸ್ ಜನರಿಗೆ ಹಿಡಿಸಿದ್ದರಿಂದ ಉಳಿಯಿತು. ನಾಲ್ಕನೆಯ ಸೀಸನ್‌ನಲ್ಲಿ ತಲೆಯೊಳಗೆ ಚಿಪ್ ಕೂತು ಮನುಷ್ಯರನ್ನು ಮುಟ್ಟಲಾಗದ ಸ್ಥಿತಿ. ಐದನೆಯದರಲ್ಲಿ ಬಫಿಯ ಮೇಲೆ ಮನಸ್ಸು. 2000ರ ನವೆಂಬರ್ 14ರಂದು ಅಮೆರಿಕದಲ್ಲಿ ಒಂದೇ ರಾತ್ರಿ ಎರಡು ಎಪಿಸೋಡ್ ಪ್ರಸಾರವಾದವು. ‘ಬಫಿ’ಯಲ್ಲಿ ಸ್ಪೈಕ್‌ನ ಹಿಂದಿನ ಕಥೆ, ‘ಏಂಜಲ್’ನಲ್ಲಿ ಡಾರ್ಲಾಳ ಹಿಂದಿನ ಕಥೆ. ಎರಡರಲ್ಲೂ 1900ರ ಚೀನಾದ ಬಾಕ್ಸರ್ ದಂಗೆಯ ಅದೇ ದೃಶ್ಯ ಬರುತ್ತದೆ. ಸ್ಪೈಕ್‌ನ ಕಣ್ಣಿನಲ್ಲಿ ಅದು ಗೆಲುವಿನ ಮೆರವಣಿಗೆ. ಅವನು ಆಗಷ್ಟೇ ಒಬ್ಬ ಸ್ಲೇಯರ್‌ನನ್ನು ಕೊಂದಿದ್ದಾನೆ. ಏಂಜಲ್‌ನ ಕಣ್ಣಿನಲ್ಲಿ ಅದೇ ರಾತ್ರಿ ನರಕ. ಅವನಿಗೆ ಆತ್ಮ ಬಂದು ಎರಡು ವರ್ಷವಾಗಿದೆ, ಮುಚ್ಚಿಟ್ಟುಕೊಂಡು ಅವರ ಜೊತೆ ನಡೆಯುತ್ತಿದ್ದಾನೆ. ಎರಡು ಸೀರಿಯಲ್‌ಗಳ ಮನಸ್ಸು ಹೋಲಿಸಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗದು. ಆ ಎರಡರಲ್ಲಿ ಗೆದ್ದದ್ದು ಸ್ಪೈಕ್‌ನ ಎಪಿಸೋಡ್ ಅನ್ನುತ್ತೇನೆ. ನ್ಯೂಯಾರ್ಕ್ ರೈಲಿನ ಕಾಳಗ, ಬಫಿ ಜೊತೆಗಿನ ಮಾತು, ಕೊನೆಯಲ್ಲಿ ಕೊಲ್ಲಲು ಬಂದೂಕು ತಂದವನು ಅಳುತ್ತಿರುವ ಅವಳ ಪಕ್ಕ ಸುಮ್ಮನೆ ಕೂತುಬಿಡುವುದು.

ಆರನೆಯ ಸೀಸನ್‌ನ ಸ್ನಾನದ ಮನೆಯ ದೃಶ್ಯ ಬಿಟ್ಟು ಸ್ಪೈಕ್ ಬಗ್ಗೆ ಮಾತಾಡುವುದು ಮೋಸ. ಅವನು ಬಫಿಯ ಮೇಲೆ ಅತ್ಯಾಚಾರಕ್ಕೆ ಯತ್ನಿಸುತ್ತಾನೆ. ಅದಾದ ಮೇಲೆ ಆತ್ಮ ಹುಡುಕಿಕೊಂಡು ಆಫ್ರಿಕಾಗೆ ಹೋಗುತ್ತಾನೆ. ಏಂಜಲ್‌ಗೆ ಆತ್ಮ ಬಂದದ್ದು ಶಾಪದಿಂದ, ಸ್ಪೈಕ್ ಕೇಳಿ ಪಡೆದದ್ದು, ಹಾಗಾಗಿ ಸ್ಪೈಕೇ ದೊಡ್ಡವನು ಅಂತ ಟೀಮ್ ಸ್ಪೈಕ್‌ನವರು ವಾದಿಸುತ್ತಾರೆ. ವಾದ ಸರಿ. ಆದರೆ ಅದನ್ನು ಹೇಳುವಾಗ ಆ ದೃಶ್ಯವನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳುತ್ತಾರೆ, ಅದು ನನಗೆ ಹಿಡಿಸುವುದಿಲ್ಲ.

‘ಏಂಜಲ್’ ಐದನೆಯ ಸೀಸನ್‌ಗೆ ಬಂದ ಸ್ಪೈಕ್ ಬಹಳ ನಗಿಸುತ್ತಾನೆ. ಗುಹೆಯ ಮನುಷ್ಯರು ಗೆಲ್ಲುತ್ತಾರೋ ಗಗನಯಾತ್ರಿಗಳೋ ಅಂತ ಏಂಜಲ್ ಜೊತೆ ಬಹಳ ಹೊತ್ತು ಕಿತ್ತಾಡುತ್ತಾನೆ. ಒಂದು ಎಪಿಸೋಡ್‌ನಲ್ಲಿ ಹುಚ್ಚು ಹಿಡಿದ ಸ್ಲೇಯರ್ ಹುಡುಗಿ ಅವನ ಕೈಗಳನ್ನೇ ಕತ್ತರಿಸುತ್ತಾಳೆ. ಅವಳಿಗೆ ಹಿಂಸೆ ಕೊಟ್ಟವನು ಅವನಲ್ಲ, ಆದರೆ ಅಂಥದ್ದು ತಾನೂ ಮಾಡಿದ್ದೇನೆ ಅಂತ ಅವನಿಗೆ ಗೊತ್ತು. ಅದು ಅದ್ಭುತ. ಉಳಿದಂತೆ ಅವನು ಅಲ್ಲಿ ಅತಿಥಿ. ಬಫಿ ಇಲ್ಲದ ಸ್ಪೈಕ್‌ಗೆ ಹೋಗಲು ದಾರಿಯೇ ಇಲ್ಲ. ಅವನ ಕಥೆಯ ತಿರುಳೇ ಅವಳು.

ಇನ್ನು ಊರು ಬಿಡದವರು ಇದ್ದಾರೆ, ಅವರನ್ನು ಲೆಕ್ಕದಿಂದ ಬಿಟ್ಟರೆ ‘ಬಫಿ’ಗೆ ಅನ್ಯಾಯ. ವಿಲೋ ಏಳು ವರ್ಷದಲ್ಲಿ ನಡೆದ ದೂರ ವೆಸ್ಲಿ ನಡೆದಷ್ಟೇ ಉದ್ದ. ಪುಕ್ಕಲು ಹುಡುಗಿ, ಮಾಟಗಾತಿ, ಟಾರಾಳ ಪ್ರೇಯಸಿ, ಟಾರಾ ಗುಂಡಿಗೆ ಬಲಿಯಾದ ಮೇಲೆ ಲೋಕವನ್ನೇ ಸುಡಲು ಹೊರಟವಳು. ಮಾಟವನ್ನು ಮಾದಕ ವಸ್ತುವಿನ ಚಟದ ಹಾಗೆ ತೋರಿಸಿದ ಎಪಿಸೋಡ್‌ಗಳು ಮಾತ್ರ ಒರಟು. ಆ್ಯನ್ಯಾ ಇದ್ದಾಳೆ; ಸಾವಿರ ವರ್ಷ ಸೇಡಿನ ರಾಕ್ಷಸಿಯಾಗಿದ್ದವಳು. ಬಫಿಯ ತಾಯಿ ಸತ್ತ ಎಪಿಸೋಡ್‌ನಲ್ಲಿ, ಸಾವು ಅಂದರೆ ಏನು, ಈಗ ಏನು ಮಾಡಬೇಕು, ಯಾಕೆ ಯಾರೂ ನನಗೆ ಹೇಳುತ್ತಿಲ್ಲ ಅಂತ ಅಳುತ್ತಾ ಕೇಳುತ್ತಾಳೆ. 2001ರ ಫೆಬ್ರವರಿಯ ಆ ಎಪಿಸೋಡ್‌ನಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ದೆವ್ವ ಕೊಂದದ್ದಲ್ಲ, ಮಿದುಳಿನ ರಕ್ತನಾಳ ಒಡೆದು ಸತ್ತದ್ದು. ಸ್ಲೇಯರ್‌ನ ಶಕ್ತಿ ಅಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ.

ಬಿಡಿ ಎಪಿಸೋಡ್‌ಗಳ ಪಂದ್ಯದಲ್ಲಿ ‘ಬಫಿ’ ಎದುರು ‘ಏಂಜಲ್’ ನಿಲ್ಲುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಹೊತ್ತು ಮಾತೇ ಇಲ್ಲದ ‘ಹಷ್’ ಇದೆ, ಬರವಣಿಗೆಗೆ ಎಮ್ಮಿ ನಾಮನಿರ್ದೇಶನ ಪಡೆದದ್ದು. ಹಾಡುಗಳ ಮೂಲಕ ನಡೆಯುವ ‘ಒನ್ಸ್ ಮೋರ್, ವಿತ್ ಫೀಲಿಂಗ್’ ಇದೆ. ನಾಲ್ಕನೆಯ ಸೀಸನ್‌ಗೆ ಬರೀ ಕನಸುಗಳ ಕೊನೆ ಇದೆ. ‘ಏಂಜಲ್’ನಲ್ಲಿ ಈ ಬಗೆಯ ಸಾಹಸ ಅಂದರೆ ಗೊಂಬೆಗಳ ‘ಸ್ಮೈಲ್ ಟೈಮ್’. ಅದು ಚೆನ್ನಾಗಿದೆ, ಆದರೆ ಒಂದೇ.

ವಿಲನ್‌ಗಳಲ್ಲಿ ಉಲ್ಟಾ. ‘ಬಫಿ’ಗೆ ವರ್ಷಕ್ಕೊಬ್ಬ ವಿಲನ್ ಬೇಕಿತ್ತು. ಮೇಯರ್ ಮತ್ತು ಗ್ಲೋರಿ ಮೇಲು, ಆ್ಯಡಮ್ ನೀರಸ, ಏಳನೆಯ ಸೀಸನ್‌ನ ‘ಫಸ್ಟ್’ಗೆ ಮುಟ್ಟಲು ಕೈಯೇ ಇಲ್ಲ, ಬರೀ ಮಾತು. ‘ಏಂಜಲ್’ಗೆ ವುಲ್ಫ್‌ರಾಮ್ ಆ್ಯಂಡ್ ಹಾರ್ಟ್ ಇತ್ತು. ರಾಕ್ಷಸರ ಪರ ವಾದಿಸುವ ವಕೀಲರ ಸಂಸ್ಥೆ. ಅದರ ಯಜಮಾನರನ್ನು ಕೊಲ್ಲಲು ಲಿಫ್ಟ್ ಹತ್ತಿ ನರಕಕ್ಕೆ ಇಳಿಯುವ ಏಂಜಲ್‌ಗೆ ಬಾಗಿಲು ತೆರೆದಾಗ ಕಾಣುವುದು ಹೊರಟ ಜಾಗವೇ, ಲಾಸ್ ಏಂಜಲೀಸ್‌ನ ರಸ್ತೆಯೇ. ಹೆಲ್‌ಮೌತ್ ಮುಚ್ಚಬಹುದು. ಇದನ್ನು ಮುಚ್ಚುವುದು ಹೇಗೆ?

ಮುಕ್ತಾಯದಲ್ಲೂ ನನ್ನ ಓಟು ‘ಏಂಜಲ್’ಗೆ. ಜಗತ್ತಿನಲ್ಲಿ ಸ್ಲೇಯರ್ ಆಗಬಲ್ಲ ಎಲ್ಲ ಹುಡುಗಿಯರಿಗೂ ಶಕ್ತಿ ಹಂಚುವ ‘ಬಫಿ’ಯ ಕೊನೆಯ ಆಲೋಚನೆ ದೊಡ್ಡದು, ಆದರೆ ಅಲ್ಲಿಗೆ ತಲುಪುವ ಮುಂಚೆ ಮನೆ ತುಂಬ ಹೊಸ ಹುಡುಗಿಯರು, ಹಳಬರಿಗೆ ಮಾತಾಡಲು ಹೊತ್ತಿಲ್ಲ. ಚಾನೆಲ್ 2004ರ ಫೆಬ್ರವರಿಯಲ್ಲಿ ‘ಏಂಜಲ್’ ನಿಲ್ಲಿಸುವುದಾಗಿ ಹೇಳಿತು. ಉಳಿದ ಕೆಲವೇ ಎಪಿಸೋಡ್‌ಗಳಲ್ಲಿ ಮುಗಿಸಬೇಕಾಯಿತು. ಆ ಅವಸರವೇ ಕಥೆಗೆ ಬಿಗಿ ತಂದಿತು.

ಈಗ ನೋಡುವ ಕ್ರಮ. ಒಂದನ್ನು ಪೂರ್ತಿ ಮುಗಿಸಿ ಇನ್ನೊಂದು ಹಿಡಿಯುವುದು ಒಂದು ದಾರಿ. ಪ್ರಸಾರವಾದ ಹಾಗೆ ಒಂದೊಂದು ಎಪಿಸೋಡ್ ಹೆಣೆದು ನೋಡುವುದು ಇನ್ನೊಂದು. ಮೊದಲ ದಾರಿಯಲ್ಲಿ ಕಥೆಯ ಓಟ ಕೆಡುವುದಿಲ್ಲ, ಆದರೆ ಸಣ್ಣ ಸುಖಗಳು ತಪ್ಪುತ್ತವೆ. ‘ಬಫಿ’ ನಾಲ್ಕನೆಯ ಸೀಸನ್‌ನ ಮೊದಲ ಎಪಿಸೋಡ್‌ನಲ್ಲಿ ಫೋನ್ ರಿಂಗ್ ಆಗುತ್ತದೆ, ಎತ್ತಿದರೆ ಯಾರೂ ಮಾತಾಡುವುದಿಲ್ಲ. ಫೋನ್ ಮಾಡಿದವನು ಯಾರು ಅಂತ ‘ಏಂಜಲ್’ನ ಮೊದಲ ಎಪಿಸೋಡ್‌ನಲ್ಲಿ ಕಾಣುತ್ತದೆ. ‘ಬಫಿ’ ಐದನೆಯ ಸೀಸನ್‌ನ ಕೊನೆ ನೋಡಿ ಎದೆ ಭಾರವಾಗಿರುವಾಗ, ಅದೇ ರಾತ್ರಿಯ ‘ಏಂಜಲ್’ನಲ್ಲಿ ಎಲ್ಲರೂ ನಗುತ್ತಾ ಹೋಟೆಲ್‌ಗೆ ವಾಪಸ್ ಬಂದರೆ ಅಲ್ಲಿ ಬಫಿ ಸತ್ತ ಸುದ್ದಿ ಹೊತ್ತ ವಿಲೋ ಕೂತಿರುತ್ತಾಳೆ. ತಿಂಗಳುಗಳ ನಂತರ ಬೇರೆಯಾಗಿ ನೋಡಿದರೆ ಈ ಹೊಡೆತ ಅರ್ಧ.

ಹಾಗಂತ ಕೊನೆಯವರೆಗೂ ಹೆಣೆಯಬೇಕಾಗಿಲ್ಲ. ‘ಬಫಿ’ ಆರನೆಯ ಸೀಸನ್‌ಗೆ ಬೇರೆ ಚಾನೆಲ್‌ಗೆ ಹೋಯಿತು, ಆಮೇಲೆ ಪಾತ್ರಗಳ ಓಡಾಟ ಬಹುತೇಕ ನಿಂತಿತು. ಬಫಿ ಸತ್ತು ಎದ್ದ ಮೇಲೆ ಅವಳೂ ಏಂಜಲ್ಲೂ ಮೊದಲ ಸಲ ಭೇಟಿಯಾಗುವುದನ್ನು ಎರಡೂ ಸೀರಿಯಲ್‌ಗಳು ನಮಗೆ ತೋರಿಸಲೇ ಇಲ್ಲ. ಹಾಗಾಗಿ ಮೊದಲು ‘ಬಫಿ’ಯ ಮೂರು ಸೀಸನ್. ಆಮೇಲೆ ‘ಬಫಿ’ ನಾಲ್ಕು, ಐದನ್ನು ‘ಏಂಜಲ್’ ಒಂದು, ಎರಡರ ಜೊತೆ ಹೆಣೆದು ನೋಡಿ. ಅಲ್ಲಿಂದ ಸೀಸನ್ ಸೀಸನ್ ಬೇರೆ ಬೇರೆಯಾಗಿ ನೋಡಬಹುದು, ಎರಡು ಎಚ್ಚರ ಇಟ್ಟುಕೊಂಡು: ‘ಏಂಜಲ್’ ನಾಲ್ಕರಲ್ಲಿ ಫೇಯ್ತ್ ಬಂದು ಹೋದ ಮೇಲೆಯೇ ‘ಬಫಿ’ ಏಳರ ಕೊನೆಯ ಐದು ಎಪಿಸೋಡ್, ಮತ್ತು ‘ಬಫಿ’ ಪೂರ್ತಿ ಮುಗಿಸದೆ ‘ಏಂಜಲ್’ ಐದನೆಯ ಸೀಸನ್ ಮುಟ್ಟಬಾರದು.

‘ಬಫಿ’ಯ ಹಳೆಯ ಚೌಕ ಚಿತ್ರದ ಆವೃತ್ತಿ ಸಿಕ್ಕರೆ ಅದನ್ನೇ ಹಿಡಿಯಿರಿ. ಆಮೇಲೆ ಅಗಲ ಮಾಡಿದ ಎಚ್‌ಡಿ ಆವೃತ್ತಿಯಲ್ಲಿ ಕೆಲವು ಕಡೆ ಶೂಟಿಂಗ್ ಸಿಬ್ಬಂದಿಯೇ ಫ್ರೇಮಿನೊಳಗೆ ಕಾಣಿಸುತ್ತಾರೆ, ರಾತ್ರಿಯ ದೃಶ್ಯಗಳು ಹಗಲಾಗಿವೆ. ಮೊದಲ ಸೀಸನ್ ಬಡವಾಗಿ ಕಾಣುತ್ತದೆ, ಕೆಲವು ರಾಕ್ಷಸರು ರಬ್ಬರ್ ಅಂತ ಗೊತ್ತಾಗುತ್ತದೆ. ಇರುವುದು 12 ಎಪಿಸೋಡ್, ತಡೆದುಕೊಳ್ಳಿ. ಏಂಜಲ್ ಯಾರೆಂದು ತಿಳಿಯುವ ಏಳನೆಯದು ಮತ್ತು ತಾನು ಸಾಯುತ್ತೇನೆಂದು ಬಫಿಗೆ ಗೊತ್ತಾಗುವ ಹನ್ನೆರಡನೆಯದು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಎರಡನೆಯ ಸೀಸನ್‌ನಲ್ಲಿ ಸ್ಪೈಕ್ ಕಾರಿನಿಂದ ಸನ್ನಿಡೇಲ್‌ನ ಬೋರ್ಡಿಗೆ ಗುದ್ದಿದ ಮೇಲೆ ನಿಮಗೆ ಯಾರೂ ಒತ್ತಾಯ ಮಾಡಬೇಕಾಗಿಲ್ಲ.